ನಾಲ್ಕನೆಯ ಕಲಮು

ಹೋದ ತಿಂಗಳು ಮೊಮ್ಮಗಳು ಮೃಣಾಲ್ ಕೊಂಕಣದ ಕಡಲ ದಂಡೆಯಿಂದ ನೇರವಾಗಿ ನನ್ನಲ್ಲಿಗೆ ಬಂದಳು. ಮೂರು ದಿನ ಅಲ್ಲಿ ಧರಣಿ ಕೂತಿದ್ದಳಂತೆ. ದೊಡ್ಡ ದೊಡ್ಡ ಟ್ರಾಲರುಗಳು ಸಮುದ್ರದ ತಳವನ್ನೇ ಕೆರೆದು ಮೀನು ಬಾಚುತ್ತವೆ, ಮರಿಗಳನ್ನೂ ಬಿಡುವುದಿಲ್ಲ, ಕಡಲಿನ ಒಂದಿಷ್ಟು ಭಾಗವನ್ನಾದರೂ ಮೀನುಗಳಿಗೆಂದು ಮೀಸಲಿಡಬೇಕು ಎಂಬುದು ಅವಳ ಮತ್ತು ಗೆಳೆಯರ ಬೇಡಿಕೆ. ಬಂದವಳು ದುಪಟ್ಟಾ ಕುರ್ಚಿಯ ಮೇಲೆ ಎಸೆದು ಸ್ನಾನಕ್ಕೆ ಹೋದಳು. ನಮ್ಮದು ಮೀನು ತಿನ್ನದ ಮನೆ. ಆ ಬಟ್ಟೆಯಿಂದ ಹಸಿ ಮೀನಿನ, ಒದ್ದೆ ಬಲೆಯ ವಾಸನೆ ಎದ್ದು ನಡುಮನೆ ತುಂಬಿತು. ಸೊಸೆ ಮೂಗು ಮುಚ್ಚಿಕೊಂಡು ಊದಿನಕಡ್ಡಿ ಹಚ್ಚಿದಳು. ನಾನು ಆ ಕುರ್ಚಿಯ ಪಕ್ಕದಲ್ಲೇ ಕೂತುಬಿಟ್ಟೆ. ನಲವತ್ತು ವರ್ಷಗಳಿಂದ ಆ ವಾಸನೆಯ ಹತ್ತಿರ ನಾನು ಹೋಗಿರಲಿಲ್ಲ.

ಮೃಣಾಲ್ ತಲೆ ಒರೆಸಿಕೊಳ್ಳುತ್ತ ಬಂದು, ತಮ್ಮ ಗುಂಪಿನವರು ಒಂದು ಸ್ಮರಣ ಸಂಚಿಕೆ ತರುತ್ತಿದ್ದಾರೆ, ಅದಕ್ಕೆ ನಾನು ಎರಡು ಪುಟ ಬರೆಯಲೇಬೇಕು ಎಂದಳು. ನನ್ನ ಟ್ರಂಕಿನಲ್ಲಿದ್ದ ಹಳೆಯ ಪೇಪರ್ ಕಟಿಂಗ್ ಅವಳಿಗೆ ಯಾವಾಗಲೋ ಸಿಕ್ಕಿದೆ. ಕೊಲ್ಲಾಪುರದ ರಸ್ತೆಯ ಮೇಲೆ ಫಲಕ ಹಿಡಿದು ಕೂತ ಹೆಂಗಸರು, ನಡುವೆ ಕನ್ನಡಕ ಹಾಕಿಕೊಂಡ ನಾನು. "ಅಜ್ಜೀ, ನಮ್ಮ ಮನ್ಯಾಗ ಈ ಕೆಲಸಾ ಮೊದಲ ಚಾಲೂ ಮಾಡಿದಾಕಿ ನೀನ. ಐ ಆಮ್ ಸೋ ಪ್ರೌಡ್ ಆಫ್ ಯೂ," ಎಂದಳು. ಅವಳು ಕೇಳಿದ್ದನ್ನು ಬರೆಯಲು ನಾಲ್ಕು ಸಲ ಕೂತೆ. ಆಗಲಿಲ್ಲ. ಬರೆಯಲು ಸಾಧ್ಯವಾದದ್ದು ಇದು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಬೆಳಗಾವಿಯಿಂದ ಇಚಲಕರಂಜಿಗೆ ಸೊಸೆಯಾಗಿ ಬಂದು ಎಂಟೊಂಬತ್ತು ವರ್ಷವಾಗಿತ್ತು. ಬೆಳಗಾವಿಯಲ್ಲಿ ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಪ್ಪ ರೈಲ್ವೆ ಗುಮಾಸ್ತ. ಹೊಟ್ಟೆ ಬಟ್ಟೆ ಕಟ್ಟಿ ನನ್ನನ್ನು ಸಿಸ್ಟರುಗಳ ಕೈಗೆ ಒಪ್ಪಿಸಿದ್ದರು. ಇಂಗ್ಲಿಷ್ ಎಲೊಕ್ಯೂಶನ್ ಸ್ಪರ್ಧೆಯಲ್ಲಿ ಪ್ರತಿವರ್ಷ ನನಗೇ ಕಪ್. ಇಲ್ಲಿ ಬಂದರೆ ಊರೆಲ್ಲ ಖಟಕಟ ಖಟಕಟ ಮಗ್ಗದ ಸದ್ದು. ನಮ್ಮ ಯಜಮಾನರದು ಆ ಊರಿನದೇ ಶಹಾಪುರ ಭಾಗದಲ್ಲಿ ಮಗ್ಗದ ಬಿಡಿಭಾಗ ಮಾಡುವ ಸಣ್ಣ ವರ್ಕ್‌ಶಾಪು. ನಾನು ಒಂದು ಪುಟ್ಟ ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಮಕ್ಕಳು ಮರಾಠಿ, ಮನೆ ಕನ್ನಡ, ಬಜಾರು ಎರಡೂ ಬೆರೆತದ್ದು. ನನ್ನ ಇಂಗ್ಲಿಷಿಗೆ ಆ ಊರಿನಲ್ಲಿ ಕೇಳುವವರೇ ಇರಲಿಲ್ಲ. ಅದೊಂದು ಹಸಿವಿನ ಹಾಗೆ ನನ್ನೊಳಗೆ ಇತ್ತು ಎಂದು ಈಗ ತಿಳಿಯುತ್ತದೆ.

ಊರಿನಿಂದ ಒಂದಿಷ್ಟು ದೂರ ಪಂಚಗಂಗೆ ತಿರುವು ತೆಗೆದುಕೊಳ್ಳುವಲ್ಲಿ ಒಂದು ಆಳವಾದ ಮಡು ಇತ್ತು. ಮರಾಠಿಯವರು ಡೋಹ ಎನ್ನುತ್ತಿದ್ದರು. ಬೇಸಿಗೆಯಲ್ಲಿ ಹೊಳೆ ಬತ್ತಿ ಅಲ್ಲಲ್ಲಿ ಮೊಣಕಾಲುದ್ದ ನೀರು ಉಳಿದಾಗ ಮೀನೆಲ್ಲ ಆ ಮಡುವಿಗೆ ಬಂದು ಸೇರುತ್ತಿತ್ತು. ದಂಡೆಯ ಮೇಲೆ ಅಂಬಿಗರ ಹನ್ನೆರಡು ಮನೆಗಳು. ಅಜ್ಜ ಮುತ್ತಜ್ಜರ ಕಾಲಕ್ಕೆ ಅಥಣಿ ಕಡೆಯಿಂದ ಹೊಳೆ ಹಿಡಿದು ಮೇಲೆ ಬಂದವರು. ದಸರೆಯಿಂದ ಬೇಸಿಗೆಯ ಕೊನೆಯವರೆಗೆ ಅವರ ಒಲೆ ಉರಿಯುತ್ತಿದ್ದದ್ದು ಆ ಮಡುವಿನಿಂದ. ಅದು ಬಿಟ್ಟರೆ ಅವರಿಗೆ ಹೊಲ ಇಲ್ಲ, ಮಗ್ಗ ಇಲ್ಲ.

ಆ ಕೇರಿಯ ದ್ಯಾಮವ್ವ ಮಗ್ಗದ ಶೆಡ್ಡುಗಳಲ್ಲಿ ಎಸೆದ ತುಂಡು ನೂಲು ಆಯ್ದುಕೊಂಡು ಹೋಗಲು ಶಹಾಪುರಕ್ಕೆ ಬರುತ್ತಿದ್ದಳು. ಬಲೆಯ ಅಂಚಿಗೆ ಹಗ್ಗ ಹೊಸೆಯಲು ಅದು ಬೇಕಿತ್ತು. ಒಂದು ದಿನ ನಾನು ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು ಯಜಮಾನರ ಜೊತೆ ಕನ್ನಡದಲ್ಲಿ ಜಗಳ ಆಡುತ್ತಿದ್ದದ್ದನ್ನು ಕೇಳಿ ತಲೆಯ ಮೇಲಿನ ಗಂಟು ಇಳಿಸಿ ಅಲ್ಲೇ ನಿಂತಳು. ಜಗಳ ಮುಗಿಯುವವರೆಗೂ ಸಮಾಧಾನದಿಂದ ಕೇಳಿ, ಆಮೇಲೆ, ನಮ್ಮ ಮಾತಿನ್ಯಾಗ ಬೈಸಿಕೊಂಡ್ರ ಎಷ್ಟ ಚಂದ ಅನಸ್ತೈತಿ ನೋಡ್ರಿ ಯಜಮಾನ್ರ ಎಂದಳು. ಇಬ್ಬರೂ ನಕ್ಕೆವು. ಅವತ್ತಿನಿಂದ ನಾನು ಅವಳಿಗೆ ಅಕ್ಕೋರು, ಅಂದರೆ ಶಾಲೆಯ ಟೀಚರಮ್ಮ. ಬಂದಾಗಲೆಲ್ಲ ಹಿತ್ತಿಲಲ್ಲಿ ಕೂತು ಚಹಾ ಕುಡಿಯುತ್ತಿದ್ದಳು. ಅವಳ ಸೀರೆಯ ವಾಸನೆಗೆ ನಾನು ಮೊದಮೊದಲು ಕರವಸ್ತ್ರ ಹಿಡಿಯುತ್ತಿದ್ದೆ. ಅದನ್ನು ನೋಡಿ ಅವಳೇ ಗಾಳಿ ನನ್ನಿಂದ ಆಚೆಗೆ ಬೀಸುವ ದಿಕ್ಕಿಗೆ ಸರಿದು ಕೂರುತ್ತಿದ್ದಳು.

ಆ ವರ್ಷ ಮಿರಗದ, ಅಂದರೆ ಮೃಗಶಿರದ, ಮಳೆ ಹೊತ್ತಿಗೆ ಸರಿಯಾಗಿ ಹಿಡಿಯಿತು. ಹೊಳೆಗೆ ಮೊದಲ ಕೆಂಪು ನೀರು ಬಂದ ದಿನ ದ್ಯಾಮವ್ವ ನನ್ನನ್ನು ಕರೆಯಲು ಬಂದಳು. ಹೊಳೆಗೆ ಉಡಿ ತುಂಬುವುದಿದೆ, ಮುತ್ತೈದೆ ಬರಬೇಕು ಎಂದಳು. ಹನ್ನೆರಡು ಮನೆಯ ಹೆಂಗಸರು ಹಸಿರು ಬಳೆ, ಕುಪ್ಪಸದ ಖಣ, ಅಕ್ಕಿ, ತೆಂಗಿನಕಾಯಿ ಹಿಡಿದು ಮಡುವಿನ ದಂಡೆಯಲ್ಲಿ ನಿಂತಿದ್ದರು. ಒಬ್ಬೊಬ್ಬರಾಗಿ ಹೊಳೆಯ ಮಡಿಲಿಗೆ ಎಲ್ಲವನ್ನೂ ಹಾಕಿದರು. ಅದಾದ ಮೇಲೆ ಗಂಡಸರು ಬಲೆಗಳನ್ನೆಲ್ಲ ತಂದು ಹಾಸಿದರು. ದ್ಯಾಮವ್ವನ ಮಾವ ಭರಮಜ್ಜ ಕುಕ್ಕರಗಾಲಲ್ಲಿ ಕೂತು ಒಂದೊಂದು ಬಲೆಯ ಕಣ್ಣಿಗೂ ಮೂರು ಬೆರಳು ತೂರಿಸಿ ನೋಡಿದ. ಮೂರು ಬೆರಳು ಹೋಗದಿದ್ದರೆ ಮಾತಿಲ್ಲದೆ ಕುಡುಗೋಲಿನಿಂದ ಅಷ್ಟು ಭಾಗ ಕತ್ತರಿಸಿ ಹಾಕುತ್ತಿದ್ದ. ಅವನ ಸ್ವಂತ ತಮ್ಮನ ಹೊಸ ನೈಲಾನ್ ಬಲೆಯೂ ಉಳಿಯಲಿಲ್ಲ. ಆ ತಮ್ಮ ಮುಖ ತಿರುಗಿಸಿ ನಿಂತ. ಉಳಿದ ಬಲೆಗಳಿಗೆ ಅರಿಸಿನ ಕುಂಕುಮ ಹಚ್ಚಿ ಮನೆಯ ಜಂತಿಗೆ ಕಟ್ಟಿದರು. ಇನ್ನು ನವರಾತ್ರಿಯ ಘಟ ಕೂರುವವರೆಗೆ ಮಡುವಿಗೆ ಯಾರೂ ಬಲೆ ಇಳಿಸುವ ಹಾಗಿಲ್ಲ. ಅಷ್ಟು ದಿನ ಹೆಂಗಸರು ಉದಗಾಂವ, ದಾನೋಳಿ ಕಡೆಯ ಹೊಲಗಳಿಗೆ ಕಳೆ ತೆಗೆಯಲು ಹೋಗುತ್ತಿದ್ದರು. ಮನೆಗೊಬ್ಬರಂತೆ ಸರದಿಯ ಮೇಲೆ ಮಡು ಕಾಯುತ್ತಿದ್ದರು, ಹೊರಗಿನವರು ಕೈ ಹಾಕಬಾರದೆಂದು.

ಯಾಕೆ ಹೀಗೆ ಎಂದು ಕೇಳಿದೆ. ದ್ಯಾಮವ್ವನಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. "ಬಸರಿ ಹೆಣಮಕ್ಕಳು ತವರಿಗೆ ಹೊಂಟಾರ್ರಿ ಅಕ್ಕೋರ. ನೀರಿಗೆ ಎದುರ ಏರಿ ಹೊಂಟಾವ ನೋಡ್ರಿ ಮೀನ, ಹೊಟ್ಟಿ ತುಂಬ ತತ್ತಿ. ದಾರ್ಯಾಗ ಬಲಿ ಹಾಕಿದ್ರ ಅದು ಬಾಳೇವೇನ್ರಿ?"

ಅಂದು ಸಂಜೆ ನನ್ನ ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಂಡೆ, ಕ್ವೇಂಟ್ ಕಸ್ಟಮ್, ಹಳೆಯ ಕಾಲದ ಮೋಜಿನ ಪದ್ಧತಿ, ಎಂದು. ಎರಡೇ ಶಬ್ದ. ಅಷ್ಟಕ್ಕೇ ಮುಗಿಸಿದ್ದೆ.

ಅದೇ ಮಳೆಗಾಲದಲ್ಲಿ ಸಬನೀಸ್ ಸರ್ ನಮ್ಮ ಶಾಲೆಗೆ ಬಂದರು. ಕೊಲ್ಲಾಪುರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರು. ಖಾದಿ ಜುಬ್ಬಾ, ಹೆಗಲಿಗೆ ಜೋಳಿಗೆ, ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಡೀ ವ್ಯವಹಾರದಲ್ಲಿ ಅವರದು ತಪ್ಪಿರಲಿಲ್ಲ. ಆ ದಿನಗಳಲ್ಲಿ ಹೊಳೆಯ ಮೇಲುಗಡೆ ಕೆಲವರು ಬಾವಿ ಒಡೆಯಲು ಬಳಸುವ ಜಿಲೆಟಿನ್ ತೋಟಾಗಳನ್ನು ನೀರಿಗೆ ಎಸೆದು ಮೀನು ಹಿಡಿಯಲು ಶುರು ಮಾಡಿದ್ದರು. ಧಡ್ ಎನ್ನುವ ಸದ್ದು, ನೀರಿನ ಮೇಲೆ ಬಿಳಿ ಹೊಟ್ಟೆ ಮೇಲಾಗಿ ತೇಲುವ ನೂರಾರು ಮೀನು. ದೊಡ್ಡವನ್ನು ಆರಿಸಿಕೊಂಡು ಲಾರಿಗೆ ತುಂಬಿ, ಮರಿಗಳನ್ನು ಕೊಳೆಯಲು ಬಿಟ್ಟು ಹೋಗುತ್ತಿದ್ದರು. ಸೊಳ್ಳೆಪರದೆಯಂಥ ಬಲೆ ಕಟ್ಟುವವರು ಬೇರೆ. ಸರ್ ಇದನ್ನೆಲ್ಲ ನಿಲ್ಲಿಸಬೇಕೆಂದು ಹೊರಟಿದ್ದರು. ಹೊರದೇಶದ ಒಂದು ಮ್ಯಾಗಝಿನ್ ಜೋಳಿಗೆಯಲ್ಲಿ ಯಾವಾಗಲೂ ಇರುತ್ತಿತ್ತು. ಸಮುದ್ರದಲ್ಲಿ ಯಾರೂ ಯಾವತ್ತೂ ಮೀನು ಹಿಡಿಯದ ಭಾಗವನ್ನು ಗುರುತು ಮಾಡಿ ಬಿಡುತ್ತಾರಂತೆ, ಅಲ್ಲಿ ಮೀನು ಹೆಚ್ಚಿ ಸುತ್ತಲಿನ ನೀರಿಗೂ ಹರಡುತ್ತದಂತೆ. ಇಲ್ಲಿ ಒಂದು ಡೋಹ ಉಳಿಸಿ ತೋರಿಸೋಣ, ನಾಳೆ ನಮ್ಮ ಕೊಂಕಣದ ಕಡಲಿಗೂ ಅದನ್ನೇ ಕೇಳೋಣ ಎನ್ನುತ್ತಿದ್ದರು. ಹೇಳುವಾಗ ಅವರ ಕಣ್ಣು ಹೊಳೆಯುತ್ತಿತ್ತು. ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಎಂಟು ವರ್ಷದ ಮೇಲೆ ನನ್ನ ಇಂಗ್ಲಿಷನ್ನು ಒಬ್ಬರು ಕಿವಿಗೊಟ್ಟು ಕೇಳಿದ್ದರು.

ನಮ್ಮ ಗುಂಪಿನಲ್ಲಿ ಹತ್ತು ಹದಿನೈದು ಜನ. ಇಬ್ಬರು ವಕೀಲರು, ಒಬ್ಬ ಡಾಕ್ಟರು, ಕಾಲೇಜಿನ ಹುಡುಗಿಯರು, ಶಾಲೆಯ ನಾವು ಮೂವರು. ಮೀನು ತಿನ್ನುವವರು ಅದರಲ್ಲಿ ಇಬ್ಬರೋ ಮೂವರೋ. ಯಜಮಾನರು ನಗುತ್ತಿದ್ದರು, "ತಿನ್ನಲಾರದವರೆಲ್ಲ ಕೂಡಿ ಮೀನ ಉಳಸಾಕ ಹೊಂಟೀರಿ. ತಿನ್ನವ್ರನ್ನ ಒಂದ ಮಾತ ಕೇಳೀರೇನು?" ನನಗೆ ಸಿಟ್ಟು ಬರುತ್ತಿತ್ತು.

ಕೇಳುವ ಕೆಲಸ ನನ್ನ ಪಾಲಿಗೇ ಬಂತು. ಅಂಬಿಗರ ಕೇರಿಯ ಜೊತೆ ಕನ್ನಡ ಮಾತಾಡುವವಳು ನಾನೊಬ್ಬಳೇ. ಅವರ ಪದ್ಧತಿಗಳೇನಾದರೂ ಇವೆಯೇ ಎಂದು ಸರ್ ಒಮ್ಮೆ ನನ್ನನ್ನು ಕೇಳಿದ್ದುಂಟು. ಹೊಳೆ ಬಸುರಿ ಎಂದು ಏನೋ ನಂಬಿಕೆ ಇದೆ, ಸಮ್ ಸೂಪರ್‌ಸ್ಟಿಶನ್ ಎಂದೆ. ಮೂರು ಬೆರಳಿನ ಮಾತು, ಜಂತಿಗೆ ಕಟ್ಟಿದ ಬಲೆಯ ಮಾತು, ಸರದಿ ಕಾವಲಿನ ಮಾತು ನನ್ನ ಬಾಯಿಂದ ಬರಲೇ ಇಲ್ಲ. ಹೇಳಿದರೆ ನಾನೂ ಹಳ್ಳಿಯವಳಾಗಿ ಕಂಡೇನು ಎಂಬ ಅಳುಕು. ಹೊರದೇಶದ ಮ್ಯಾಗಝಿನ್ನಿನಲ್ಲಿದ್ದ ವಿಷಯ ನಮ್ಮ ಹೊಳೆಯ ದಂಡೆಯಲ್ಲಿ ಆಗಲೇ ನಡೆಯುತ್ತಿತ್ತು, ಅದನ್ನು ಕಣ್ಣಾರೆ ಕಂಡಿದ್ದವಳು ಆ ಕೋಣೆಯಲ್ಲಿ ನಾನೊಬ್ಬಳೇ.

ಪಿಟಿಷನ್ ಟೈಪ್ ಮಾಡಿದವಳೂ ನಾನೇ. ಐದು ಕಲಮು. ಒಂದು, ತೋಟಾ ಹಾರಿಸುವುದನ್ನು ನಿಲ್ಲಿಸಬೇಕು. ಎರಡು, ಸಣ್ಣ ಕಣ್ಣಿನ ಬಲೆಗಳನ್ನು ನಿಷೇಧಿಸಬೇಕು. ಮೂರು, ಹೊಳೆಗೆ ಕಾವಲು ಬೇಕು. ಐದು, ಹೊರಗಿನ ಲಾರಿಗಳು ದಂಡೆಗೆ ಇಳಿಯಬಾರದು. ನಾಲ್ಕನೆಯದು, ಡೋಹದಲ್ಲಿ ಯಾರೇ ಆಗಲಿ, ಯಾವ ಋತುವಿನಲ್ಲೇ ಆಗಲಿ, ಯಾವ ಬಗೆಯ ಬಲೆಯನ್ನೂ ಹಾಕಕೂಡದು. ಆ ವಾಕ್ಯವನ್ನು ನಾನೇ ತಿದ್ದಿ ತಿದ್ದಿ ಚಂದ ಮಾಡಿದ್ದೆ. ಸರ್ ಓದಿ, ಬ್ಯೂಟಿಫುಲಿ ಪುಟ್ ಎಂದರು. ದಂಡೆಯ ಜನರೇ ಇದಕ್ಕೆ ಸಹಿ ಹಾಕಿದರೆ ಸರ್ಕಾರ ಇಲ್ಲ ಎನ್ನಲಾರದು, ಅವರಿಗೆ ಪ್ರತಿಯೊಂದನ್ನೂ ಓದಿ ತಿಳಿಸಿ ಎಂದರು. ಅವರು ಬೇಡ ಎಂದರೆ ನಾಲ್ಕನೆಯದನ್ನು ಮತ್ತೆ ಕೂತು ಯೋಚಿಸೋಣ ಎಂದೂ ಹೇಳಿದ್ದರು.

ಒಂದು ಭಾನುವಾರ ಮಧ್ಯಾಹ್ನ ಮಳೆ ಬಿಟ್ಟಾಗ ಕೇರಿಗೆ ಹೋದೆ. ಹುಣಸೆಮರದ ಕೆಳಗೆ ಕಂಬಳಿ ಹಾಸಿದ್ದರು. ಹೆಂಗಸರು ಗಂಡಸರು ಎಲ್ಲ ಸುತ್ತ ಕೂತರು. ಒಂದೊಂದು ಕಲಮನ್ನೂ ಕನ್ನಡದಲ್ಲಿ ಹೇಳಿದೆ. ಮೊದಲನೆಯದಕ್ಕೆ ಗಂಡಸರು ಭೇಷ್ ಎಂದರು. ಎರಡನೆಯದಕ್ಕೆ ಭರಮಜ್ಜ ತನ್ನ ಮೂರು ಬೆರಳು ಎತ್ತಿ ತೋರಿಸಿ ತಮ್ಮನ ಕಡೆ ನೋಡಿದ, ಎಲ್ಲರೂ ನಕ್ಕರು. ಮೂರನೆಯದಕ್ಕೂ ಹೂಂ ಎಂದರು. ಆಮೇಲೆ ನಾನು ಹಾಳೆ ತಿರುಗಿಸಿದೆ. ನಾಲ್ಕನೆಯದು ಎರಡನೆಯ ಪುಟದ ಮೇಲ್ತುದಿಯಲ್ಲಿತ್ತು. ನನ್ನ ಕಣ್ಣು ಅದರ ಮೇಲೆ ನಿಂತಿತು. ಓದಿದರೆ ಇವರು ಒಪ್ಪುವುದಿಲ್ಲ ಎಂಬುದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಒಪ್ಪದಿದ್ದರೆ ನಾನು ಬರಿಗೈಯಲ್ಲಿ ಸರ್ ಮುಂದೆ ನಿಲ್ಲಬೇಕು. ಇವರ ಒಳ್ಳೆಯದಕ್ಕೇ ಅಲ್ಲವೇ, ಮುಂದೆ ಎಂದಾದರೂ ತಿಳಿಸಿದರಾಯಿತು ಎಂದುಕೊಂಡೆ. ಐದನೆಯದನ್ನು ಓದಿದೆ.

ಭರಮಜ್ಜ ಕೈ ಚಾಚಿ ಹಾಳೆಗಳನ್ನು ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. ಓದಲು ಬರುತ್ತಿರಲಿಲ್ಲ. "ಇಷ್ಟ ಉದ್ದ ಬರದಾರ. ಇಷ್ಟ ಮಾತೇನ್ರಿ ಇದರಾಗ?"

"ಇಂಗ್ಲಿಷ್‌ನ್ಯಾಗ ಉದ್ದ ಆಕ್ಕೈತಿ ಮಾವಾ," ಎಂದಳು ದ್ಯಾಮವ್ವ. ನಾನು ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟಳು. "ನಮ್ಮ ಅಕ್ಕೋರ ನಮಗ ಸುಳ್ಳ ಹೇಳತಾರೇನು?"

ಅಜ್ಜ ನನ್ನ ಮುಖ ನೋಡಿದ.

"ಅಷ್ಟ ಐತಿ ಅಜ್ಜಾರ," ಎಂದೆ ನಾನು.

ಶಾಲೆಯಿಂದ ತಂದಿದ್ದ ಮಸಿ ಪ್ಯಾಡಿಗೆ ಒಬ್ಬೊಬ್ಬರಾಗಿ ಹೆಬ್ಬೆರಳು ಒತ್ತಿದರು. ದ್ಯಾಮವ್ವ ಮಾತ್ರ, ನಾನು ಹಿತ್ತಿಲಲ್ಲಿ ಕೂರಿಸಿ ಕಲಿಸಿದ್ದ ಮೂರು ಅಕ್ಷರಗಳಲ್ಲಿ, ನಾಲಿಗೆ ಕಚ್ಚಿಕೊಂಡು, ತನ್ನ ಹೆಸರು ಬರೆದಳು. ಅವಳು ಜೀವನದಲ್ಲಿ ಮಾಡಿದ ಮೊದಲ ಸಹಿ ಅದು. ಬರೆದು ಮುಗಿಸಿ ಎಲ್ಲರಿಗೂ ತೋರಿಸಿದಳು.

ಗಣಪತಿ ಹಬ್ಬ ಮುಗಿದ ವಾರ ಕೊಲ್ಲಾಪುರದಲ್ಲಿ ಧರಣಿ. ನಸುಕಿನ ಬಸ್ಸಿಗೆ ಕೇರಿಯ ಹೆಂಗಸರೆಲ್ಲ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಇಳಕಲ್ ಸೀರೆ ಉಟ್ಟು ಬಂದರು. ಮದುವೆ ದಿಬ್ಬಣದ ಸಡಗರ. ಕಾಲೇಜಿನ ಹುಡುಗಿಯರು ಮರಾಠಿ ಘೋಷಣೆ ಹೇಳಿಕೊಟ್ಟರು, ಇವರು ಅದನ್ನು ತಮ್ಮ ರಾಗದಲ್ಲಿ ಎಳೆದು ಹಾಡಿದರು. ಕಲೆಕ್ಟರ್ ಕಚೇರಿಯ ಎದುರಿನ ಬೇವಿನ ಮರದಡಿ ಕೂತಾಗ ಜನ ನಿಂತು ನಿಂತು ನೋಡತೊಡಗಿದರು. ದ್ಯಾಮವ್ವ ನನ್ನ ಕಿವಿಯಲ್ಲಿ, ನಾವು ಮೀನ ಬುಟ್ಟಿ ಇಟಗೊಂಡ ಕುಂತಾಗ ಒಬ್ಬನೂ ಹಿಂಗ ಹೊಳ್ಳಿ ನೋಡಿಲ್ಲ ಎಂದಳು. ಪೇಪರಿನವನು ಫೋಟೋ ತೆಗೆದ. ಮೃಣಾಲಳಿಗೆ ಸಿಕ್ಕ ಫೋಟೋ ಅದೇ.

ಮಧ್ಯಾಹ್ನದ ಮೇಲೆ ಕಲೆಕ್ಟರ್ ಸಾಹೇಬರು ನಮ್ಮ ಐವರನ್ನು ಒಳಗೆ ಕರೆದರು. ಸರ್, ಒಬ್ಬ ವಕೀಲರು, ನಾನು, ದ್ಯಾಮವ್ವ, ಭರಮಜ್ಜ. ಸಾಹೇಬರು ಉತ್ತರದ ಕಡೆಯವರು, ಮಾತೆಲ್ಲ ಇಂಗ್ಲಿಷಿನಲ್ಲಿ. ಪಿಟಿಷನ್ನನ್ನು ಎಚ್ಚರಿಕೆಯಿಂದ ಓದಿದರು. ಎರಡನೆಯ ಪುಟದ ಮೇಲ್ತುದಿಯಲ್ಲಿ ಬೆರಳಿಟ್ಟು ನಿಂತರು. ತಲೆಯೆತ್ತಿ ನನ್ನನ್ನು ಕೇಳಿದರು, ಈ ಜನ ತಮ್ಮ ಮಡುವನ್ನು ತಾವಾಗಿಯೇ ಬಿಟ್ಟುಕೊಡುತ್ತಿದ್ದಾರೆಯೇ? ಅವರಿಗೆ ಇದು ಅರ್ಥವಾಗಿದೆಯೇ?

ದ್ಯಾಮವ್ವ ನನ್ನ ಪಕ್ಕದಲ್ಲೇ ಇದ್ದಳು. ಕುರ್ಚಿಯ ತುದಿಯಲ್ಲಿ, ಸೆರಗು ತಲೆಯ ತುಂಬ ಹೊದ್ದು. ಸಾಹೇಬರು ತನ್ನ ಕಡೆ ನೋಡಿದರೆಂದು ನಕ್ಕಳು.

"ಯೆಸ್ ಸರ್," ಎಂದೆ. "ದೇ ಅಂಡರ್‌ಸ್ಟ್ಯಾಂಡ್ ಪರ್ಫೆಕ್ಟ್ಲಿ."

ಸಾಹೇಬರು ಎದ್ದು ನಿಂತು ಭರಮಜ್ಜನಿಗೆ ಕೈ ಮುಗಿದರು. ನಿಜವಾಗಿಯೂ ಮನಸ್ಸು ಕರಗಿದ ಹಾಗಿತ್ತು. ಇಂಥ ತ್ಯಾಗವನ್ನು ತಮ್ಮ ಸರ್ವೀಸಿನಲ್ಲಿ ಕಂಡಿಲ್ಲ ಎಂದರು. ಹೊರಗೆ ಬಂದ ಮೇಲೆ ಅಜ್ಜ, ಸಾಹೇಬ್ರು ನನಗ ಯಾಕ ಕೈ ಮುಗದ್ರು ಎಂದು ಕೇಳಿದ. ನಿಮ್ಮನ್ನ ಭಾಳ ಹೊಗಳಿದ್ರು ಎಂದೆ. ಇಡೀ ದಿನದಲ್ಲಿ ನಾನು ಆಡಿದ ಒಂದೇ ನಿಜ ಅದು. ಬಸ್ಸಿನಲ್ಲಿ ಹಿಂದಿರುಗುವಾಗ ಹೆಂಗಸರು ಹಾಡು ಹೇಳಿದರು. ನಾನೂ ಧ್ವನಿ ಕೂಡಿಸಿದೆ. ಗೆದ್ದೆವು ಎಂದೇ ನನಗೂ ಅನಿಸಿತ್ತು, ಆ ಸಂತೋಷವನ್ನು ಈಗ ನೆನೆದರೆ ಮೈಯೆಲ್ಲ ಹಿಡಿಯಾಗುತ್ತದೆ.

ಆದೇಶ ಬೇಗ ಬಂತು. ಮಡುವಿನ ದಂಡೆಯಲ್ಲಿ ಮರಾಠಿಯ ಒಂದು ಹಲಗೆ ನಿಂತಿತು. ಕೇರಿಯವರು ಅದಕ್ಕೂ ಅರಿಸಿನ ಕುಂಕುಮ ಹಚ್ಚಿದರಂತೆ, ತಮ್ಮ ಹೋರಾಟದ ಹಲಗೆ ಎಂದು. ಘಟ ಕೂತ ದಿನ ಬೆಳಿಗ್ಗೆ ಜಂತಿಯಿಂದ ಬಲೆ ಬಿಚ್ಚಿ, ಪೂಜೆ ಮಾಡಿ, ಹನ್ನೆರಡು ಮನೆಯವರೂ ಮಡುವಿಗೆ ಇಳಿದರು. ಕಾವಲಿಗೆ ನೇಮಕವಾಗಿದ್ದ ಮನುಷ್ಯ ಇಬ್ಬರು ಪೋಲೀಸರನ್ನು ಕರೆತಂದ. ನೀರಿನಲ್ಲಿದ್ದ ಬಲೆಗಳನ್ನೆಲ್ಲ ಎಳೆದು ತೆಗೆದು ಎತ್ತಿನ ಗಾಡಿಗೆ ಹೇರಿಕೊಂಡು ಹೋದರು. ಭರಮಜ್ಜ ಗಾಡಿಯ ಹಿಂದೆ ನಡೆಯುತ್ತ, ನಮ್ಮ ಬಲಿ ಕಣ್ಣ ದೊಡ್ಡವದಾವ್ರಿ, ಮೂರ ಬಟ್ಟ ಹಾಕಿ ನೋಡ್ರಿ ಎಂದು ಬೆರಳು ತೋರಿಸುತ್ತಲೇ ಇದ್ದನಂತೆ.

ದ್ಯಾಮವ್ವ ಒದ್ದೆ ಸೀರೆಯಲ್ಲೇ ನಮ್ಮ ಮನೆಗೆ ಓಡಿಬಂದಳು. ನನ್ನ ಮೇಲೆ ಸಿಟ್ಟಿಲ್ಲ, ಸಂಶಯವಿಲ್ಲ. ಪೋಲೀಸರಿಗೆ ತಪ್ಪು ತಿಳಿದಿದೆ, ಅಷ್ಟೇ. "ನೀವು ಬಂದು ಇಂಗ್ಲಿಷ್‌ನ್ಯಾಗ ಒಂದ ಮಾತ ಹೇಳ್ರಿ ಅಕ್ಕೋರ. ನೀವ ಅಂದ್ರ ಕೇಳ್ತಾರವ್ರು."

ಕೊಲ್ಲಾಪುರಕ್ಕೆ ಹೋದೆ. ಸಬನೀಸ್ ಸರ್ ವಿಷಯ ಕೇಳಿ ಗಾಬರಿಯಾದರು. ನನ್ನನ್ನೇ ನೋಡುತ್ತ, ಅಲ್ಲಿಯವರೆಗೆ ಎಂದೂ ನನ್ನ ಜೊತೆ ಆಡದ ಮರಾಠಿಯಲ್ಲಿ ಕೇಳಿದರು, "ಬಾಯಿ, ವಾಚೂನ್ ದಾಖವಲಂತ್ ನಾ?" ಅಮ್ಮಾ, ಓದಿ ಹೇಳಿದ್ದಿರಿ ತಾನೇ ಎಂದು. ಹೇಳಿಲ್ಲ ಎಂದಿದ್ದರೆ ಅವರು ಅಂದೇ ಎದ್ದು ಸಾಹೇಬರ ಹತ್ತಿರ ಹೋಗುತ್ತಿದ್ದರು. ಆ ಬಾಗಿಲು ನನ್ನೆದುರು ಪೂರ್ತಿ ತೆರೆದೇ ಇತ್ತು. ಒಂದೇ ಒಂದು ಶಬ್ದ ಸಾಕಿತ್ತು. ಗೋಡೆಯ ಮೇಲೆ ಧರಣಿಯ ಫೋಟೋ ಕತ್ತರಿಸಿ ಅಂಟಿಸಿದ್ದರು. ಅದನ್ನೇ ನೋಡುತ್ತ, ಓದಿ ಹೇಳಿದ್ದೇನೆ ಎಂದೆ. ಹಾಗಾದರೆ ಅವರು ಮಾತಿಗೆ ತಪ್ಪಿದ್ದಾರೆ, ಬಡತನ, ಏನು ಮಾಡುವುದು ಎಂದು ಸರ್ ನಿಟ್ಟುಸಿರಿಟ್ಟರು. ಬಲೆ ಬಿಡಿಸಲು ಓಡಾಡಿದ್ದೂ ಅವರೇ. ಬಿಡುಗಡೆ ಆಗುವ ಹೊತ್ತಿಗೆ ಚಾವಡಿಯಲ್ಲಿ ಇಲಿಗಳು ಅರ್ಧ ಕಡಿದು ಹಾಕಿದ್ದವು.

ಆ ಚಳಿಗಾಲ ಕೇರಿಯ ಮನೆಗಳು ಒಂದೊಂದಾಗಿ ಖಾಲಿಯಾದವು. ಕೆಲವರು ಕಬ್ಬು ಕಡಿಯುವ ಟೋಳಿ ಸೇರಿದರು. ಕೆಲವರು ಮಗ್ಗದ ಶೆಡ್ಡಿಗೆ ಬಂದರು. ಭರಮಜ್ಜ ಅಥಣಿ ಕಡೆ ಮಗಳ ಮನೆಗೆ ಹೋದ. ಸರದಿಯ ಮೇಲೆ ಮಡು ಕಾಯಲು ದಂಡೆಯಲ್ಲಿ ಯಾರೂ ಉಳಿಯಲಿಲ್ಲ. ಸರ್ಕಾರದ ಕಾವಲಿನವನು ತಿಂಗಳೆರಡು ಬಂದ, ಆಮೇಲೆ ಬರಲಿಲ್ಲ. ಬಿಸಿಲು ಏರಿ ಹೊಳೆ ಬತ್ತಿತು. ಮೇಲಿನ ಕೆಳಗಿನ ಮೀನೆಲ್ಲ ಎಂದಿನಂತೆ ಮಡುವಿಗೆ ಬಂದು ಸೇರಿತು.

ಚೈತ್ರದ ಒಂದು ಮಧ್ಯಾಹ್ನ ಶಾಲೆಯಲ್ಲಿ ಪರೀಕ್ಷೆ ನಡೆಸುತ್ತಿದ್ದೆ. ದೂರದಿಂದ ಮೂರು ಸಲ ಧಡ್ ಎಂದು ಕೇಳಿಸಿತು. ಮಕ್ಕಳು ತಲೆಯೆತ್ತಿದರು, ಬರೀರಿ ಎಂದೆ. ಪೇಪರು ಕಟ್ಟಿಟ್ಟು ಹೊಳೆಯ ಕಡೆ ನಡೆದು ಹೋಗುವ ಹೊತ್ತಿಗೆ ಲಾರಿಗಳು ಹೋಗಿಬಿಟ್ಟಿದ್ದವು. ಮಡುವಿನ ಮೇಲೆ ಬೆರಳುದ್ದದ ಮರಿಗಳು ಬೆಳ್ಳಗೆ ಹಾಸಿದ ಹಾಗೆ ತೇಲುತ್ತಿದ್ದವು. ದಂಡೆಗೆ ಬಂದು ಬಿದ್ದ ಒಂದು ದೊಡ್ಡ ಬಾಳೆಮೀನಿನ ಹೊಟ್ಟೆ ಒಡೆದಿತ್ತು. ಹಲಗೆ ಗಟ್ಟಿಯಾಗಿ ನಿಂತಿತ್ತು. ನನ್ನ ಚಂದದ ವಾಕ್ಯದ ಮರಾಠಿ ಅನುವಾದ ಅದರ ಮೇಲೆ. ಕರವಸ್ತ್ರ ಕೈಯಲ್ಲೇ ಇತ್ತು. ಮೂಗಿಗೆ ಹಿಡಿಯಲು ಆಗಲಿಲ್ಲ.

ಸರ್ ಅದರ ಮೇಲೂ ವರ್ಷಗಟ್ಟಲೆ ದುಡಿದರು. ನಾನು ಗುಂಪು ಬಿಟ್ಟೆ. ಮನೆಯಲ್ಲಿ ತ್ರಾಸು ಎಂದು ಕಾಗದ ಬರೆದು, ಗಡಹಿಂಗ್ಲಜದ ಒಂದು ಶಾಲೆಗೆ ಕೆಲಸ ಬದಲಿಸಿಕೊಂಡು, ಅಲ್ಲಿದ್ದ ನಾದಿನಿಯ ಮನೆಯಲ್ಲಿ ಮಕ್ಕಳ ಜೊತೆ ಮೂರು ವರ್ಷ ಇದ್ದೆ. ಯಜಮಾನರು ಶನಿವಾರ ಬಂದು ಹೋಗುತ್ತಿದ್ದರು. ಯಾಕೆಂದು ಅವರು ಕೇಳಲಿಲ್ಲ. ಅವರಿಗೆ ಎಷ್ಟು ತಿಳಿದಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳಲು ಈಗ ಅವರೂ ಇಲ್ಲ.

ಎಂಬತ್ತರ ದಶಕದ ನಡುವೆ ಮತ್ತೆ ಇಚಲಕರಂಜಿಗೆ ಬಂದೆವು. ಮೈದುನನ ಮದುವೆಯ ಆಮಂತ್ರಣ ಕೊಡಲು ಶಹಾಪುರದ ಒಂದು ಮಗ್ಗದ ಶೆಡ್ಡಿಗೆ ಹೋಗಿದ್ದೆ. ಮಾಲೀಕರು ಹೊರಗೆ ಹೋಗಿದ್ದಾರೆ, ಕೂತಿರಿ ಎಂದರು. ಮೂಲೆಯಲ್ಲಿ ಕಾಂಡಿ ಮಶೀನು, ಮಗ್ಗದ ಲಾಳಿಯೊಳಗಿನ ಉರುಳೆಗಳಿಗೆ ನೂಲು ಸುತ್ತುವುದು, ಅದರ ಮುಂದೆ ನಾಲ್ಕು ಹೆಂಗಸರು. ಅವರಲ್ಲಿ ಒಬ್ಬಳು ಎದ್ದು ಸೆರಗಿನಿಂದ ಸ್ಟೂಲು ಒರೆಸಿ ನನ್ನ ಮುಂದೆ ತಂದಿಟ್ಟಳು. ಕೂದಲು ಅರ್ಧ ಬೆಳ್ಳಗಾಗಿತ್ತು, ಹುಬ್ಬಿನ ಮೇಲೆಲ್ಲ ಹತ್ತಿಯ ಧೂಳು. ನಕ್ಕಾಗ ಗುರುತಾಯಿತು.

ಮಶೀನಿನ ಗದ್ದಲದಲ್ಲೇ ಒದರಿ ಒದರಿ ಮಾತಾಡಿದಳು. ಮಕ್ಕಳು ಎಷ್ಟು ಎತ್ತರ ಆಗಿದ್ದಾರೆ, ಯಜಮಾನರ ಬೆನ್ನುನೋವು ಹೇಗಿದೆ ಎಂದೆಲ್ಲ ಕೇಳಿದಳು. ತನ್ನ ಮಾವ ತೀರಿಕೊಂಡದ್ದನ್ನು ಹೇಳಿದಳು. ಚಹಾ ತರಿಸಿದಳು. ಇಷ್ಟರಲ್ಲಿ ಕರೆಂಟು ಹೋಯಿತು. ನೂರು ಮಗ್ಗಗಳು ಒಮ್ಮೆಲೇ ನಿಂತವು. ಇಚಲಕರಂಜಿಯಲ್ಲಿ ಆ ಮೌನ ಕೇಳಿದವರಿಗೇ ಗೊತ್ತು, ಕಿವಿಯೊಳಗೆ ನಿಮ್ಮದೇ ರಕ್ತ ಹರಿಯುವುದು ಕೇಳಿಸುತ್ತದೆ.

ದ್ಯಾಮವ್ವ ಧ್ವನಿ ತಗ್ಗಿಸಿದಳು. "ಒಂದ ಮಾತ ಕೇಳಬೇಕಂತ ಭಾಳ ದಿನದಿಂದ ಇಟಗೊಂಡೇನ್ರಿ ಅಕ್ಕೋರ. ಸಿಟ್ಟಾಗಬ್ಯಾಡ್ರಿ. ಆ ಕಾಗದದಾಗ ನಮ್ಮ ಬಲಿ ಬಂದ ಮಾಡೂ ಮಾತ, ಅದು ಮೊದಲ ಇತ್ತೇನ್ರಿ, ಇಲ್ಲಾ ಆಮ್ಯಾಲ ಸೇರಿಸಿದ್ರೋ?"

ಇಲ್ಲಿ ಹೇಳಿಬಿಡುತ್ತೇನೆ ಎಂದು ನಿಜವಾಗಿ ಅನಿಸಿತ್ತು. ಉತ್ತರಕ್ಕೆ ಅವಳು ಕಾಯಲೇ ಇಲ್ಲ.

"ಆಮ್ಯಾಲ ಸೇರ್ಸ್ಯಾರ. ನನಗ ಗೊತ್ತೈತ್ರಿ. ಶಾಣ್ಯಾ ಮಂದಿ ನಿಮಗೂ ಮೋಸ ಮಾಡ್ಯಾರ. ನಮ್ಮ ಮಂದಿ ಎಲ್ಲಾ ನಿಮ್ಮ ಹೆಸರ ತಗೊಂಡ ಬೈತಾರ, ನಮ್ಮ ಚಿಕ್ಕಮಾವ ನನ್ನ ಜೋಡಿ ಮಾತ ಬಿಟ್ಟ ಆರ ವರ್ಷಾತು ಇದಕ್ಕ. ನಾ ಮಾತ್ರ ಅಂತೇನಿ, ನಮ್ಮ ಅಕ್ಕೋರಿಗೆ ಗೊತ್ತಿದ್ರ ನಮಗ ಹೇಳತಿದ್ರು ಅಂತ. ಹೌದಲ್ರಿ?"

ಪಕ್ಕದ ಮೂವರು ಹೆಂಗಸರು ಕೈ ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದರು. ಅವರೂ ಆ ಕೇರಿಯವರೇ ಎಂದು ಆಗ ತಿಳಿಯಿತು. ಮಶೀನಿನ ಸದ್ದಿಗೆ ಪ್ರಶ್ನೆ ಕೇಳಿಸಲಿಲ್ಲ ಎಂದು ನೆವ ಹೇಳುವ ಹಾಗೂ ಇರಲಿಲ್ಲ.

ನಾನು ಹೌದೆಂದು ತಲೆ ಆಡಿಸಿದೆ.

ದ್ಯಾಮವ್ವ ಆ ಮೂವರ ಕಡೆ ತಿರುಗಿ, ಕೇಳಿದಿರಾ ಎನ್ನುವ ಹಾಗೆ ಕತ್ತು ಎತ್ತಿದಳು. ಎಷ್ಟೋ ವರ್ಷದ ವಾದವೊಂದನ್ನು ಅವತ್ತು ಗೆದ್ದ ಮುಖ ಅದು.